ಅಂಗಡಿಯವರದ್ದೇ ಲೇಬಲ್ ಇರುವ ಅಗ್ಗದ ಇಂಜಿನ್ ಆಯಿಲ್ ಹಾಕಬಹುದಾ? (ಸ್ಪ್ಲೆಂಡರ್, ಶಿರಸಿ ಕಡೆ ಓಡಾಟ)

ತೋಟದಮನೆ_ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಸ್ಪ್ಲೆಂಡರ್ ಪ್ಲಸ್, 81 ಸಾವಿರ ಕಿಲೋಮೀಟರ್ ಓಡಿದೆ. ಮನೆ ಶಿರಸಿಯಿಂದ 14 ಕಿ.ಮೀ. ಒಳಗೆ. ಆಗಾಗ ಪೇಟೆಗೆ ಹೋಗಿ ಬರಬೇಕು. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತೇನೆ, ಹೆಂಡತಿಯ ತವರು ಅಲ್ಲಿ. ಹಿಂದೆ ಬರುವಾಗ ಇಬ್ಬರು, ಜೊತೆಗೆ ಚೀಲ, ಪೂರ್ತಿ ಏರು.

ಇಲ್ಲಿಯವರೆಗೆ ಹೆಸರಾಂತ ಕಂಪನಿಯ ಆಯಿಲನ್ನೇ ಹಾಕಿಸುತ್ತಿದ್ದೆ. 3 ಸಾವಿರ ಕಿ.ಮೀ.ಗೆ ಒಂದು ಸಲ ಬದಲಿಸುತ್ತೇನೆ, ವರ್ಷಕ್ಕೆ ಮೂರು ಸಲ ಆಗುತ್ತದೆ. ಕಳೆದ ಸಲ ಕೊಟ್ಟದ್ದು 410 ರೂಪಾಯಿ. ಈಗ ನಾವು ತೋಟದ ಸಾಮಾನು ತರುವ ಅಂಗಡಿಯಲ್ಲಿ ಅವರದ್ದೇ ಲೇಬಲ್ ಹಾಕಿದ 4ಟಿ (ಫೋರ್ ಸ್ಟ್ರೋಕ್) ಆಯಿಲ್ ಬಂದಿದೆ, 900 ಎಂಎಲ್‌ಗೆ 240 ರೂಪಾಯಿ. ಅಂಗಡಿಯವರು ಹೇಳುವುದು, "ಎಲ್ಲಾ ಒಂದೇ ಕಡೆ ತಯಾರಾಗುವುದು, ಸ್ಟಿಕರ್ ಮಾತ್ರ ಬೇರೆ, ನೀವು ಸುಮ್ನೆ ಜಾಹೀರಾತಿಗೆ ದುಡ್ಡು ಕೊಡ್ತಾ ಇದ್ದೀರಿ" ಅಂತ. ನಮ್ಮ ಗ್ಯಾರೇಜಿನವನು ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಲೂ ಇಲ್ಲ, ಇದನ್ನು ಹಾಕಿದರೆ ಇಂಜಿನ್ ಹೋಗುತ್ತದೆ ಎಂದುಬಿಟ್ಟ. ಅವನ ಅಂಗಡಿಯಲ್ಲಿ ಇರುವುದು ಒಂದೇ ಕಂಪನಿಯ ಆಯಿಲ್. ಹಾಗಾಗಿ ಇಬ್ಬರ ಮಾತನ್ನೂ ಪೂರ್ತಿ ನಂಬಲು ಆಗುತ್ತಿಲ್ಲ.

ಬಾಟಲಿಯ ಹಿಂದೆ 20ಡಬ್ಲ್ಯು-40 (ಆಯಿಲ್ ಎಷ್ಟು ದಪ್ಪ ಎಂಬ ಗ್ರೇಡ್), ಎಪಿಐ ಎಸ್‌ಎಲ್ (ಅಮೆರಿಕದವರ ಗುಣಮಟ್ಟದ ದರ್ಜೆ), ಜಾಸೋ ಎಂಎ (ಬೈಕಿನ ಆಯಿಲ್‌ಗೆ ಜಪಾನಿನವರ ದರ್ಜೆ) ಎಂದು ಇದೆ. ನಾನು ಈಗ ಹಾಕುತ್ತಿರುವುದರ ಮೇಲೂ ಎಸ್‌ಎಲ್, ಎಂಎ ಎಂದೇ ಇದೆ. ಅಕ್ಷರ ಒಂದೇ ಆದರೆ ಒಳಗಿನದ್ದೂ ಒಂದೇನಾ?

ನನಗೆ ಹೆದರಿಕೆ ಇರುವುದಕ್ಕೆ ಕಾರಣ ಇದೆ. ಹಿಂದೆ ಅಪ್ಪನ ಬೈಕಿಗೆ ಒಂದು ಕಡೆ ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಹಾಕಿಸಿದ್ದೆವು. ಎರಡು ಸಲ ಹಾಕಿಸಿದ್ದು ಅಷ್ಟೇ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಸರಿಯಾಗಿ ಪಿಸ್ಟನ್ ಹಿಡಿದುಕೊಂಡಿತು. ಬೋರ್, ಪಿಸ್ಟನ್, ರಿಂಗ್ ಎಲ್ಲಾ ಹೊಸದು ಹಾಕಬೇಕಾಯಿತು. ಬೈಕ್ ಇಲ್ಲದೆ ಹದಿನೈದು ದಿನ ಆಳುಗಳನ್ನು ಕರೆತರಲು ಅಪ್ಪ ಪಟ್ಟ ಪಾಡು ಈಗಲೂ ಕಣ್ಣ ಮುಂದಿದೆ. ವರ್ಷಕ್ಕೆ 510 ರೂಪಾಯಿ ಉಳಿಸಲು ಹೋಗಿ ಮತ್ತೆ ಅದೇ ಆಗಬಾರದು. ಹಾಗೆಂದು ಕಾರಣ ಇಲ್ಲದೆ ಜಾಸ್ತಿ ಕೊಡುವುದಕ್ಕೂ ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಕುಮಟಾ_ಗ್ಯಾರೇಜ್

ನಾನು 22 ವರ್ಷದಿಂದ ಟೂ ವೀಲರ್ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಮಾತು. ಬಾಟಲಿಯ ಹೆಸರಿನಿಂದ ಹಾಳಾದ ಇಂಜಿನ್‌ಗಿಂತ ಆಯಿಲ್ ಕಡಿಮೆಯಾಗಿ ಹಾಳಾದ ಇಂಜಿನನ್ನು ನಾನು ಹತ್ತು ಪಟ್ಟು ಜಾಸ್ತಿ ಬಿಚ್ಚಿದ್ದೇನೆ. ನಿಮ್ಮ ತಂದೆಯವರ ಬೈಕ್ ಹಿಡಿದುಕೊಂಡದ್ದು ಲೂಸ್ ಆಯಿಲ್ ಕಾರಣಕ್ಕೇ ಇರಬಹುದು, ಆದರೆ ಆಗ ಒಳಗೆ ಎಷ್ಟು ಆಯಿಲ್ ಉಳಿದಿತ್ತು ಎಂದು ಬಿಚ್ಚಿದವನು ಹೇಳಿದ್ದನಾ? ರಿಂಗ್ ಸವೆದ ಗಾಡಿ ಆಯಿಲ್ ಕುಡಿಯುತ್ತದೆ. ಯಾರೂ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡುವುದಿಲ್ಲ. ಸ್ಪ್ಲೆಂಡರ್‌ಗೆ ಹಿಡಿಯುವುದೇ ಒಂದು ಲೀಟರಿಗಿಂತ ಕಡಿಮೆ ಆಯಿಲ್. ಅದರಲ್ಲಿ ಮುನ್ನೂರು ಎಂಎಲ್ ಹೋದರೆ ಉಳಿದದ್ದು ಘಟ್ಟ ಹತ್ತುವಾಗ ಎಷ್ಟು ಬಿಸಿಯಾಗಬಹುದು, ನೀವೇ ಯೋಚಿಸಿ. 81 ಸಾವಿರ ಓಡಿದ ಗಾಡಿಗೆ ವಾರಕ್ಕೊಂದು ಸಲ, ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಡಬಲ್ ಸ್ಟ್ಯಾಂಡ್ ಹಾಕಿ ನೋಡಿ. ಡಿಪ್‌ಸ್ಟಿಕ್ ತಿರುಗಿಸಬೇಡಿ, ಸುಮ್ನೆ ಇಟ್ಟು ತೆಗೆಯಿರಿ.

ಇನ್ನು ನಿಮ್ಮ ಬಾಟಲಿಯ ವಿಷಯ. ಅದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೆಲೆ ಅಲ್ಲ, 20ಡಬ್ಲ್ಯು-40 ಎಂಬುದು. ಸ್ಪ್ಲೆಂಡರ್‌ಗೆ ಕಂಪನಿ ಹೇಳಿರುವುದು 10ಡಬ್ಲ್ಯು-30, ಎಸ್‌ಎಲ್, ಜಾಸೋ ಎಂಎ. ಸೀಟಿನ ಕೆಳಗೆ ಇಟ್ಟ ಪುಸ್ತಕ ಇನ್ನೂ ಇದ್ದರೆ ತೆಗೆದು ನೋಡಿ. 20ಡಬ್ಲ್ಯು-40 ಹಾಕಿದರೆ ಇಂಜಿನ್ ಒಡೆದು ಹೋಗುವುದಿಲ್ಲ, ಎಷ್ಟೋ ಜನ ಹಾಕುತ್ತಾರೆ. ಆದರೆ ಅದು ದಪ್ಪ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲೆ ವಾಲ್ವ್ ತೆರೆಯುವ ಕ್ಯಾಮ್‌ವರೆಗೆ ಏರಲು ಸ್ವಲ್ಪ ತಡ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಹೆಸರಾಂತ ಕಂಪನಿಯ 20ಡಬ್ಲ್ಯು-40ಕ್ಕಿಂತ ಸಾಮಾನ್ಯ ಕಂಪನಿಯ ಸರಿಯಾದ 10ಡಬ್ಲ್ಯು-30 ನಿಮ್ಮ ಗಾಡಿಗೆ ಒಳ್ಳೆಯದು ಎಂದು ನಾನು ಹೇಳುತ್ತೇನೆ. ನೀವು ಇಷ್ಟು ದಿನ 410 ಕೊಟ್ಟು ಹಾಕಿಸಿದ್ದು ಯಾವ ಗ್ರೇಡ್ ಎಂದೂ ಒಮ್ಮೆ ನೋಡಿ.

ಎರಡನೆಯದು ಕ್ಲಚ್. ಬೈಕಿನಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಪ್ಲೇಟ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನಲ್ಲಿ ಹಾಗಿಲ್ಲ. ಕಾರಿನ ಆಯಿಲ್‌ಗೆ ಜಾರುವ ಗುಣ ಜಾಸ್ತಿ ಬರುವ ಹಾಗೆ ಏನೇನೋ ಸೇರಿಸಿರುತ್ತಾರೆ, ಬೈಕಿಗೆ ಹಾಕಿದರೆ ಪ್ಲೇಟ್ ಜಾರುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅದಕ್ಕೇ ಎಂಎ ಎಂಬ ಗುರುತು ಮುಖ್ಯ. ಅಗ್ಗದ ಆಯಿಲ್ ಹಾಕಿದವರ ಗಾಡಿಯಲ್ಲಿ ನಾನು ಮೊದಲು ನೋಡುವ ತೊಂದರೆಯೂ ಇದೇ. ಬೋರ್ ಹೋಗುವುದು ಆಮೇಲೆ. ಮೊದಲು ಗೇರ್ ಗಟ್ಟಿಯಾಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ, ಏರಿನಲ್ಲಿ ಕ್ಲಚ್ ಜಾರುತ್ತದೆ.

ಮತ್ತೊಂದು, ಸ್ಪ್ಲೆಂಡರ್‌ಗೆ ಕಾಗದದ ಫಿಲ್ಟರ್ ಇಲ್ಲ. ಒಂದು ಜಾಲರಿ, ಒಂದು ತಿರುಗುವ ಫಿಲ್ಟರ್, ಅಷ್ಟೇ. ಕೊಳೆಯೆಲ್ಲಾ ಆ ತಿರುಗುವ ಫಿಲ್ಟರ್ ಒಳಗೆ ಗ್ರೀಸಿನ ಹಾಗೆ ಅಂಟಿಕೊಳ್ಳುತ್ತದೆ. ಕೆಟ್ಟ ಆಯಿಲ್ ಹಾಕಿದ ಗಾಡಿಯಲ್ಲಿ ಅದನ್ನು ಸ್ಕ್ರೂ ಡ್ರೈವರ್‌ನಿಂದ ಕೆರೆದು ತೆಗೆಯಬೇಕಾಗುತ್ತದೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಅದನ್ನೂ ಬಿಚ್ಚಿಸಿ ನೋಡಿ, ನೀವು ಇಲ್ಲಿಯವರೆಗೆ ಹಾಕಿದ್ದು ಹೇಗಿತ್ತು ಎಂದು ಗೊತ್ತಾಗುತ್ತದೆ.

ಘಟ್ಟದ_ಸವಾರ

ನನ್ನ ಅಭಿಪ್ರಾಯ ನೇರ. ಹೆಸರಾಂತ ಕಂಪನಿಯದ್ದೇ ಹಾಕಿ, ಅದರಲ್ಲೂ ಫುಲ್ಲಿ ಸಿಂಥೆಟಿಕ್ ಹಾಕಿ. ನಾನು ಅರಬೈಲ್ ಘಟ್ಟದಲ್ಲಿ ವಾರಕ್ಕೊಮ್ಮೆ ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗುತ್ತೇನೆ. ಲಾರಿಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ಮುಕ್ಕಾಲು ಗಂಟೆ ತೆವಳಬೇಕಾದ ದಿನ ಇಂಜಿನ್ ಎಷ್ಟು ಕಾಯುತ್ತದೆ ಎಂದು ಕಾಲಿಗೇ ಗೊತ್ತಾಗುತ್ತದೆ. ಅಂಥ ಹೊತ್ತಿನಲ್ಲಿ 170 ರೂಪಾಯಿಯ ಲೆಕ್ಕ ಹಾಕುವುದು ನನಗಂತೂ ಆಗುವುದಿಲ್ಲ.

ಆದರೆ ಒಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ನಾನು ದೊಡ್ಡ ಕಂಪನಿಯ ಬಾಟಲಿ ಎಂದು ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಕೊಂಡದ್ದು ನಕಲಿ. ಬಾಟಲಿ ಅದೇ, ಬಣ್ಣ ಅದೇ, ಮುಚ್ಚಳದ ಒಳಗಿನ ಸೀಲ್ ಮಾತ್ರ ಓರೆಯಾಗಿ ಅಂಟಿತ್ತು. 500 ಕಿ.ಮೀ. ಓಡುವಷ್ಟರಲ್ಲಿ ಗೇರ್ ಹಾಕುವಾಗ ಕಟಕಟ ಶಬ್ದ ಶುರು. ತೆಗೆಸಿದರೆ ನೀರಿನ ಹಾಗೆ ಸುರಿಯಿತು. ಅಂದಿನಿಂದ ಪೆಟ್ರೋಲ್ ಬಂಕಿನಲ್ಲಿ ಅಥವಾ ಶೋರೂಮಿನಲ್ಲಿ ಬಿಟ್ಟರೆ ಬೇರೆ ಎಲ್ಲೂ ಕೊಳ್ಳುವುದಿಲ್ಲ.

ಪ್ಲಾಂಟ್‌ನಿಂದ_ಅಂಕೋಲಾಕ್ಕೆ

ನಾನು ಮುಂಬೈ ಕಡೆ ಒಂದು ಲೂಬ್ರಿಕೆಂಟ್ ಬ್ಲೆಂಡಿಂಗ್ ಪ್ಲಾಂಟಿನಲ್ಲಿ (ಆಯಿಲ್ ಬೆರೆಸಿ ತಯಾರಿಸುವ ಕಡೆ) 11 ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ. "ಎಲ್ಲಾ ಒಂದೇ ಕಡೆ ತಯಾರಾಗುವುದು" ಎಂಬ ಮಾತನ್ನು ಎಲ್ಲಾ ಕಡೆ ಕೇಳುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದೇ ಪ್ಲಾಂಟಿನಲ್ಲಿ ಬೆಳಿಗ್ಗೆ ಒಬ್ಬರ ಲೇಬಲ್, ಮಧ್ಯಾಹ್ನ ಇನ್ನೊಬ್ಬರ ಲೇಬಲ್ ತುಂಬುವುದು ನಿಜ. ಬೈಕ್, ಕಾರು ಕಂಪನಿಗಳ ಹೆಸರಿನಲ್ಲಿ ಬರುವ ಆಯಿಲ್ ಕೂಡ ಅವರ ಫ್ಯಾಕ್ಟರಿಯಲ್ಲಿ ಆಗುವುದಲ್ಲ, ತೈಲ ಕಂಪನಿಗಳ ಹತ್ತಿರ ಮಾಡಿಸಿಕೊಳ್ಳುತ್ತಾರೆ. ಆದರೆ ಒಂದೇ ಅಡುಗೆಮನೆ ಎಂದ ಮಾತ್ರಕ್ಕೆ ಒಂದೇ ಸಾರಲ್ಲ. ಯಾರು ಎಷ್ಟು ದುಡ್ಡು ಕೊಟ್ಟು ಯಾವ ಫಾರ್ಮುಲಾ ಹೇಳಿದ್ದಾರೋ ಅದನ್ನು ನಾವು ಮಾಡಿಕೊಡುತ್ತಿದ್ದೆವು. ಒಂದೇ ಟ್ಯಾಂಕಿನ ಬೇಸ್ ಆಯಿಲ್‌ಗೆ (ಅಂದರೆ ಮೂಲ ಎಣ್ಣೆಗೆ) ಒಬ್ಬರಿಗೆ ಪೂರ್ತಿ ಅಡಿಟಿವ್ (ಗುಣ ಹೆಚ್ಚಿಸಲು ಬೆರೆಸುವ ರಾಸಾಯನಿಕ), ಇನ್ನೊಬ್ಬರಿಗೆ ಅದರಲ್ಲಿ ಮುಕ್ಕಾಲು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ವಾಸನೆ. ಕೈಯಲ್ಲಿ ತಿಕ್ಕಿ ನೋಡಿ ಜಿಗುಟು ಇದೆ, ಒಳ್ಳೆಯದಿದೆ ಎನ್ನುವವರ ಮಾತು ನಂಬಬೇಡಿ. ಪ್ಲಾಂಟಿನಲ್ಲಿ ಅಷ್ಟು ವರ್ಷ ಇದ್ದ ನನಗೇ ಕೈಯಲ್ಲಿ ತಿಕ್ಕಿದರೆ ಗೊತ್ತಾಗುವುದಿಲ್ಲ.

ಬೇಸ್ ಆಯಿಲ್‌ನಲ್ಲಿ ಗ್ರೂಪ್ 1, 2, 3, 4, 5 ಎಂದು ಇದೆ. ಗ್ರೂಪ್ 1 ಹಳೇ ಪದ್ಧತಿಯದ್ದು, ಗಂಧಕ ಜಾಸ್ತಿ, ಬಿಸಿಗೆ ಬೇಗ ಹಾಳಾಗುತ್ತದೆ. ಗ್ರೂಪ್ 2 ಅದಕ್ಕಿಂತ ಶುದ್ಧ. ಗ್ರೂಪ್ 3, 4 ಸಿಂಥೆಟಿಕ್ ಎಂದು ಮಾರುವವು. ಈ ಬೇಸ್ ಆಯಿಲನ್ನು ಸಣ್ಣ ಕಂಪನಿಗಳು ತಾವೇ ಮಾಡುವುದಿಲ್ಲ, ರಿಫೈನರಿಯಿಂದ ಅಥವಾ ಹೊರದೇಶದಿಂದ ತರಿಸುತ್ತವೆ. ಇನ್ನು ಅಡಿಟಿವ್ ಪ್ಯಾಕೇಜ್. ಇಡೀ ಜಗತ್ತಿಗೆ ಇದನ್ನು ಕೊಡುವವರಲ್ಲಿ ದೊಡ್ಡವರು ನಾಲ್ಕೇ ಜನ, ಲೂಬ್ರಿಜಾಲ್, ಇನ್ಫಿನಿಯಮ್, ಆಫ್ಟನ್, ಒರೊನೈಟ್. ಅಂದರೆ ಸಣ್ಣ ಕಂಪನಿಯವನಿಗೂ ಒಳ್ಳೆಯ ಸಾಮಾನು ಸಿಗುತ್ತದೆ. ಅಡಿಟಿವ್ ಕಂಪನಿ ಹೇಳಿದ ಅಳತೆಯಲ್ಲಿ ಅವನು ಹಾಕಿದರೆ ಒಳ್ಳೆಯ ಆಯಿಲೇ ಆಗುತ್ತದೆ, ಅದರಲ್ಲಿ ಅನುಮಾನ ಬೇಡ. ಹಾಕಿದ್ದಾನಾ ಎಂಬುದೇ ಪ್ರಶ್ನೆ. ಬಾಟಲಿಯ ಖರ್ಚಿನಲ್ಲಿ ದೊಡ್ಡ ಪಾಲು ಬೇಸ್ ಆಯಿಲ್ ಮತ್ತು ಅಡಿಟಿವ್‌ನದ್ದು. ಕದಿಯಬೇಕು ಎಂದರೆ ಅಲ್ಲೇ ಕದಿಯಬೇಕು.

ಇನ್ನೊಂದು ಕಡೆ ಕದಿಯುವುದು ದಪ್ಪ ಮಾಡುವ ಪಾಲಿಮರ್‌ನಲ್ಲಿ. 100 ಡಿಗ್ರಿ ಬಿಸಿಯಲ್ಲಿ ಆಯಿಲ್‌ನ ದಪ್ಪವನ್ನು (ಸೆಂಟಿಸ್ಟೋಕ್ ಲೆಕ್ಕದಲ್ಲಿ) ಅಳೆದಾಗ 9.3ರಿಂದ 12.5ರ ಒಳಗೆ ಬಂದರೆ ಅದು 30 ಗ್ರೇಡ್, 12.5ರಿಂದ 16.3ರ ಒಳಗೆ ಬಂದರೆ 40. ತೆಳ್ಳಗಿನ ಬೇಸ್ ಆಯಿಲ್‌ಗೆ ಅಗ್ಗದ ಪಾಲಿಮರ್ ಸುರಿದು 40 ಮಾಡಿಬಿಡಬಹುದು. ಹೊಸ ಬಾಟಲಿಯನ್ನು ಲ್ಯಾಬಿಗೆ ಕಳಿಸಿದರೆ ಪಾಸಾಗುತ್ತದೆ. ಆದರೆ ಬೈಕಿನ ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆ ಪಾಲಿಮರ್ ತುಂಡು ತುಂಡಾಗುತ್ತದೆ, ಸಾವಿರ ಕಿಲೋಮೀಟರಿಗೇ 40 ಇದ್ದದ್ದು 30ಕ್ಕೆ ಇಳಿಯುತ್ತದೆ. ಹೊಸ ಆಯಿಲ್ ಹಾಕಿದ ಒಂದು ವಾರ ಗೇರ್ ಬೆಣ್ಣೆಯ ಹಾಗೆ ಇತ್ತು, ಆಮೇಲೆ ಕೆಟ್ಟುಹೋಯಿತು ಎನ್ನುತ್ತಾರಲ್ಲ, ಕಾರಣ ಎಷ್ಟೋ ಸಲ ಇದೇ.

ಹಾಗಾದರೆ ಕೊಳ್ಳುವವನು ಏನು ನೋಡಬೇಕು? ಅಮೆರಿಕದಲ್ಲಿ ಇದಕ್ಕೆ ದಾರಿ ಸುಲಭ. ಅಲ್ಲಿ ವಾಲ್‌ಮಾರ್ಟಿನ ಸೂಪರ್ ಟೆಕ್, ಕಾಸ್ಟ್‌ಕೋದ ಕಿರ್ಕ್‌ಲ್ಯಾಂಡ್ ಎಂದು ಅಂಗಡಿಯವರದ್ದೇ ಲೇಬಲ್‌ಗಳಿವೆ. ಅವಕ್ಕೆ ಎಪಿಐ ಲೈಸೆನ್ಸ್ ಇದೆ, ಎಪಿಐನವರು ಲೈಸೆನ್ಸ್ ಇರುವ ಆಯಿಲನ್ನು ಅಂಗಡಿಯಿಂದಲೇ ಕೊಂಡು ಪರೀಕ್ಷೆ ಮಾಡುತ್ತಾರೆ. ಅಂಥದ್ದನ್ನು ಹಾಕಲು ನಾನು ಒಂದು ಕ್ಷಣವೂ ಯೋಚಿಸುವುದಿಲ್ಲ. ಅದೇ ದೇಶದಲ್ಲಿ ಡಾಲರ್ ಜನರಲ್ ಎಂಬ ಅಂಗಡಿಗಳ ಗುಂಪು ತನ್ನ ಲೇಬಲ್‌ನಲ್ಲಿ ಎಸ್‌ಎ, ಎಸ್‌ಎಫ್ ದರ್ಜೆಯ ಆಯಿಲ್ ಮಾರಿತು. ಎಸ್‌ಎ ಎಂದರೆ 1930ರ ನಂತರದ ಗಾಡಿಗೆ ಆಗದು, ಎಸ್‌ಎಫ್ ಎಂದರೆ 1988ರ ನಂತರದ ಗಾಡಿಗೆ ಆಗದು. ಹಾಗೆಂದು ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಜನ ಕೋರ್ಟಿಗೆ ಹೋದರು, 2021ರಲ್ಲಿ ಆ ಕಂಪನಿ 2.85 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ಅಂಗಡಿಯ ಲೇಬಲ್ ಎಂಬ ಒಂದೇ ಮಾತಿನೊಳಗೆ ಈ ಎರಡೂ ಸೇರಿವೆ ನೋಡಿ. ಅದಕ್ಕೇ "ಅಗ್ಗದ್ದು ಆಗುತ್ತದಾ" ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂದು ಹೇಳಲು ಬರುವುದಿಲ್ಲ. ಯಾವ ಬಾಟಲಿ ಎಂದು ಕೇಳಬೇಕು.

ನಮ್ಮಲ್ಲಿ ಬಾಟಲಿ ತಿರುಗಿಸಿ ಹೀಗೆ ನೋಡಿ. ಜಾಸೋ ಎಂಎ ಎಂದು ಸುಮ್ನೆ ಸಾಲಿನ ನಡುವೆ ಬರೆದಿದೆಯೋ ಅಥವಾ ಅದರ ಗುರುತಿನ ಚೌಕ ಇದೆಯೋ? ಆ ಚೌಕದಲ್ಲಿ ಎಂಎ ಅಥವಾ ಎಂಎ2 ಎಂಬುದರ ಜೊತೆ ಆ ಆಯಿಲ್‌ನ ಕೋಡ್ ಇರುತ್ತದೆ. ನೋಂದಾಯಿಸಿದ ಆಯಿಲ್‌ಗಳ ಪಟ್ಟಿ ಜಪಾನಿನವರ ವೆಬ್‌ಸೈಟಿನಲ್ಲಿ ಸಿಗುತ್ತದೆ, ಕೋಡ್ ಹಿಡಿದು ಹುಡುಕಬಹುದು. ಎಪಿಐ ಲೈಸೆನ್ಸ್ ಇರುವವರ ಪಟ್ಟಿಯೂ ಹಾಗೇ ಸಿಗುತ್ತದೆ. "ಮೀಟ್ಸ್ ಎಪಿಐ ಎಸ್‌ಎಲ್" ಎಂದು ಬರೆದುಕೊಳ್ಳಲು ಯಾರ ಲೈಸೆನ್ಸೂ ಬೇಕಿಲ್ಲ, ಅದು ತಯಾರಕನ ಸ್ವಂತ ಮಾತು. ಆದರೆ ಇಲ್ಲಿ ಎಚ್ಚರ, ನಮ್ಮ ದೇಶದಲ್ಲಿ ದೊಡ್ಡ ಕಂಪನಿಗಳ ಎಷ್ಟೋ ಬಾಟಲಿ ಮೇಲೂ ಎಪಿಐನ ದುಂಡು ಗುರುತು ಇರುವುದಿಲ್ಲ. ಅದಿಲ್ಲ ಎಂದ ಕೂಡಲೇ ಕೆಟ್ಟದ್ದು ಎನ್ನಬೇಡಿ. ಆ ಕಂಪನಿಗೆ ಸ್ವಂತ ಲ್ಯಾಬ್ ಇದೆ, ಗಾಡಿ ಕಂಪನಿಗಳ ಒಪ್ಪಿಗೆ ಇದೆ, ಹೆಸರು ಕೆಟ್ಟರೆ ಕಳೆದುಕೊಳ್ಳಲು ತುಂಬಾ ಇದೆ. ನಿನ್ನೆ ಹುಟ್ಟಿದ ಲೇಬಲ್‌ಗೆ ಆ ಮೂರೂ ಇಲ್ಲ, ಹಾಗಾಗಿ ಅದು ಕಾಗದ ತೋರಿಸಬೇಕು.

ಕೊನೆಯದಾಗಿ ಬಾಟಲಿಯ ಮೇಲೆ ತಯಾರಕನ ಹೆಸರು, ಪೂರ್ತಿ ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ, ದೂರು ಕೊಡುವ ಫೋನ್ ನಂಬರ್ ಇರಬೇಕು, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಹಾಗೇ ಇದೆ. ಮಾರುವವನ ಹೆಸರು ಮಾತ್ರ ಇದ್ದು ತಯಾರಿಸಿದವನ ಹೆಸರೇ ಇಲ್ಲದಿದ್ದರೆ ನಾನು ಅಲ್ಲಿಗೇ ಬಾಟಲಿ ಕೆಳಗಿಡುತ್ತೇನೆ.

ಬೈತಖೋಲ್_ಬೋಟ್

ಕಾರವಾರದಿಂದ. ನಮ್ಮದು ಬೋಟ್ ಇಂಜಿನ್, ನಿಮ್ಮ ಹಾಗೆ 900 ಎಂಎಲ್ ಲೆಕ್ಕ ಅಲ್ಲ, ಬಕೆಟ್, ಡ್ರಮ್ಮಿನ ಲೆಕ್ಕ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್, ಆಗ ಇಂಜಿನ್ ಕೆಲಸ, ಆಯಿಲ್ ಎಲ್ಲಾ ಮುಗಿಸಿ ಆಗಸ್ಟ್ 1ಕ್ಕೆ ತಯಾರಿರಬೇಕು. ನಾವು ತುಂಬಾ ವರ್ಷದಿಂದ ಹಾಕುವುದು ದೊಡ್ಡ ಹೆಸರಿನದ್ದಲ್ಲ, ಆದರೆ ಸಿಎಫ್-4 ದರ್ಜೆಯ (ಡೀಸೆಲ್ ಇಂಜಿನ್‌ಗೆ ಎಪಿಐನ ಹಳೇ ದರ್ಜೆ) 15ಡಬ್ಲ್ಯು-40, ಬಿಲ್ ಸಮೇತ, ಸೀಲ್ ಇರುವ ಡ್ರಮ್. ಇಂಜಿನ್ ಹಳೇ ಮಾದರಿ, ಅದಕ್ಕೆ ಅಷ್ಟು ಸಾಕು. ಗಂಟೆ ಲೆಕ್ಕ ಬರೆದಿಟ್ಟು ಸರಿಯಾದ ಹೊತ್ತಿಗೆ ಬದಲಿಸುತ್ತೇವೆ. ಇದುವರೆಗೆ ಆಯಿಲ್ ಕಾರಣಕ್ಕೆ ಸಮುದ್ರದಲ್ಲಿ ನಿಂತದ್ದಿಲ್ಲ.

ಒಂದು ಸಲ ತೊಂದರೆ ಆದದ್ದು ಒಳ್ಳೆಯ ಕಂಪನಿಯ ಡ್ರಮ್ಮಿನಿಂದಲೇ. ಕೊಟ್ಟವನು ಮಳೆಗಾಲದಲ್ಲಿ ಡ್ರಮ್ಮನ್ನು ಹೊರಗೆ ನೆಟ್ಟಗೆ ನಿಲ್ಲಿಸಿ ಇಟ್ಟಿದ್ದ. ಮೇಲಿನ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣ್ಣಗಾಗುವಾಗ ಡ್ರಮ್ ಉಸಿರು ಎಳೆದುಕೊಂಡ ಹಾಗೆ ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತೆಗೆದರೆ ತಳದಲ್ಲಿ ಎರಡು ಇಂಚು ನೀರು. ಡ್ರಮ್ಮನ್ನು ಮಲಗಿಸಿ ಇಡಬೇಕು, ಎರಡೂ ಬಿರಡೆ ಅಕ್ಕಪಕ್ಕಕ್ಕೆ, ಒಂದೇ ಎತ್ತರದಲ್ಲಿ ಬರುವ ಹಾಗೆ, ಆಗ ಒಳಗಿನಿಂದ ಆಯಿಲ್ ಒತ್ತಿಕೊಂಡು ಇರುತ್ತದೆ. ಶಿರಸಿಯವರ ಅಪ್ಪನ ಬೈಕಿಗೆ ಡ್ರಮ್ಮಿನಿಂದ ಅಳೆದು ಹಾಕಿದ್ದು ಎಂದು ಓದಿದ ಕೂಡಲೇ ನನಗೆ ಇದೇ ನೆನಪಾಯಿತು. ನಮ್ಮ ಜಿಲ್ಲೆಯ ಮಳೆಯಲ್ಲಿ ಲೂಸ್ ಆಯಿಲ್ ಬೇಡವೇ ಬೇಡ, ಕಂಪನಿ ಯಾವುದೇ ಇರಲಿ.

ತೋಟದಮನೆ_ಶಿರಸಿ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ಮಾಡಿದ ಮೊದಲ ಕೆಲಸ ಡಿಪ್‌ಸ್ಟಿಕ್ ತೆಗೆದು ನೋಡಿದ್ದು. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಬದಲಿಸಿ ಇನ್ನೂ 1,900 ಕಿ.ಮೀ. ಅಷ್ಟೇ ಆಗಿದೆ. ಕುಮಟಾದವರು ಹೇಳದಿದ್ದರೆ ಈ ವಾರ ಹಾಗೇ ಘಟ್ಟ ಇಳಿದು ಹತ್ತುತ್ತಿದ್ದೆ. ಅಪ್ಪನನ್ನೂ ಕೇಳಿದೆ. ಆಗ ಬಿಚ್ಚಿದವನು "ಒಳಗೆ ಒಂದು ಲೋಟ ಆಯಿಲೂ ಇರಲಿಲ್ಲ" ಎಂದಿದ್ದನಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಬಾಟಲಿ ನೋಡಲು ಮತ್ತೆ ಅಂಗಡಿಗೆ ಹೋದೆ. ಜಾಸೋದ ಚೌಕ ಇಲ್ಲ, ಕೋಡ್ ಇಲ್ಲ. ಸಾಲಿನಲ್ಲಿ "ಮೀಟ್ಸ್" ಎಂದೇ ಇದೆ. ತಯಾರಿಸಿದವರ ಹೆಸರಿಲ್ಲ, "ಮಾರ್ಕೆಟೆಡ್ ಬೈ" ಮಾತ್ರ. ತಿಂಗಳು, ವರ್ಷ ಒತ್ತಿದ್ದಾರೆ, ಅಳಿಸಿ ಹೋಗಿದೆ. ಅಂಗಡಿಯವರನ್ನು ಕೇಳಿದಾಗ ಅವರೂ ಪಾಪ ಪ್ರಾಮಾಣಿಕವಾಗಿ ಹೇಳಿದರು, ತಮಗೂ ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲ, ಏಜೆಂಟ್ ತಂದು ಇಡುತ್ತಾನೆ ಅಂತ. ಹಾಗಾಗಿ ಅದನ್ನು ಬಿಟ್ಟೆ.

ನಾನು ಹಾಕಿಸುತ್ತಿದ್ದದ್ದೂ 20ಡಬ್ಲ್ಯು-40. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೂ ಪುಸ್ತಕ ತೆಗೆದು ನೋಡಿರಲಿಲ್ಲ. ಈಗ ಬಂಕಿನಲ್ಲಿ ಸರ್ಕಾರಿ ತೈಲ ಕಂಪನಿಯ 10ಡಬ್ಲ್ಯು-30, ಜಾಸೋ ಎಂಎ2 ಇರುವುದನ್ನು 340ಕ್ಕೆ ತಂದೆ. 410ಕ್ಕಿಂತ ಕಡಿಮೆಯೇ ಆಯಿತು. ಎಂಎ ಎಂದಿರುವ ಕಡೆ ಎಂಎ2 ಹಾಕಬಹುದಲ್ವಾ?

ಇನ್ನೂ ಎರಡು ಪ್ರಶ್ನೆ. ಹೆಂಡತಿಯ ಆಕ್ಟಿವಾಕ್ಕೂ ಇದನ್ನೇ ಹಾಕಬಹುದಾ? ಹುಲ್ಲು ಹೊಡೆಯುವ ಮಷಿನ್ ಫೋರ್ ಸ್ಟ್ರೋಕ್, ಅದಕ್ಕೆ ಹಿಡಿಯುವುದೇ 100 ಎಂಎಲ್. ಅದಕ್ಕಾದರೂ ಅಗ್ಗದ್ದು ನಡೆಯುತ್ತದಾ?

ಕುಮಟಾ_ಗ್ಯಾರೇಜ್

ಎಂಎ2 ಹಾಕಿ, ತೊಂದರೆ ಇಲ್ಲ. ಎಂಎ ಗುಂಪಿನಲ್ಲೇ ಕ್ಲಚ್ ಹಿಡಿತ ಜಾಸ್ತಿ ಇರುವುದಕ್ಕೆ ಎಂಎ2 ಎನ್ನುತ್ತಾರೆ.

ಆಕ್ಟಿವಾಕ್ಕೆ ಕಂಪನಿ ಹೇಳಿರುವುದು 10ಡಬ್ಲ್ಯು-30, ಜಾಸೋ ಎಂಬಿ. ಸ್ಕೂಟರಿನ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಬೆಲ್ಟಿನ ಕಡೆ ಒಣಗಿರುತ್ತದೆ. ಅದಕ್ಕೇ ಜಾರುವ ಗುಣ ಜಾಸ್ತಿ ಇರುವ ಎಂಬಿ ಆಗುತ್ತದೆ, ಮೈಲೇಜಿಗೂ ಒಳ್ಳೆಯದು. ಬೈಕಿನ ಎಂಎ2 ಅದಕ್ಕೆ ಹಾಕಿದರೆ ಹಾಳಾಗುವುದಿಲ್ಲ. ಆದರೆ ಉಲ್ಟಾ ಮಾಡಬೇಡಿ. ಸ್ಕೂಟರಿನ ಎಂಬಿ ಬಾಟಲಿ ತಂದು ಸ್ಪ್ಲೆಂಡರ್‌ಗೆ ಸುರಿದರೆ ಕ್ಲಚ್ ಜಾರುತ್ತದೆ. ಮನೆಯಲ್ಲಿ ಎರಡೂ ಗಾಡಿ ಇದ್ದವರು ಈ ತಪ್ಪು ಮಾಡುವುದನ್ನು ತುಂಬಾ ನೋಡಿದ್ದೇನೆ.

ಮಷಿನ್ ವಿಷಯದಲ್ಲಿ ನನ್ನ ಮಾತು ಕೇಳಿ. ಅದಕ್ಕೆ ಅಗ್ಗದ್ದು ಬೇಡ. 100 ಎಂಎಲ್ ಅಂದರೆ ಒಂದು ಲೋಟಕ್ಕೂ ಕಡಿಮೆ, ಅಷ್ಟರಲ್ಲೇ ಇಡೀ ಇಂಜಿನ್ ಫುಲ್ ರೇಸಿನಲ್ಲಿ ಗಂಟೆಗಟ್ಟಲೆ ಓಡಬೇಕು. ಸ್ಪ್ಲೆಂಡರ್‌ಗೆ ಹಾಕಿ ಬಾಟಲಿಯಲ್ಲಿ ಉಳಿಯುತ್ತದಲ್ಲ, ಅದೇ 10ಡಬ್ಲ್ಯು-30 ಆ ಮಷಿನ್‌ಗೆ ಸಾಕು, ಬೇರೆ ಕೊಳ್ಳುವುದೇ ಬೇಡ. ಪ್ರತಿ ದಿನ ಶುರು ಮಾಡುವ ಮೊದಲು ಮಟ್ಟ ನೋಡಿ. ಪೆಟ್ರೋಲ್ ಜೊತೆ ಬೆರೆಸುವುದು ಟೂ ಸ್ಟ್ರೋಕ್ ಮಷಿನ್‌ಗೆ ಮಾತ್ರ. ಆಳುಗಳ ಕೈಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ ಕೊಡಿ. ಎರಡೂ ತರದ ಮಷಿನ್ ಇರುವ ಮನೆಯಲ್ಲಿ ಫೋರ್ ಸ್ಟ್ರೋಕ್ ಮಷಿನ್‌ಗೆ ಆಯಿಲ್ ಹಾಕದೆ ಟ್ಯಾಂಕಿಗೆ ಬೆರೆಸಿ ಓಡಿಸಿ ಅರ್ಧ ದಿನದಲ್ಲಿ ಸುಟ್ಟದ್ದಿದೆ.

ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿತ್ತು ಎಂದಿರಿ. 1,900 ಕಿ.ಮೀ.ಗೆ ಅಷ್ಟು ಇಳಿದರೆ ಅದು ಯೋಚಿಸುವ ವಿಷಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದಾ ನೋಡಿ. ಸ್ವಲ್ಪ ಹೊತ್ತು ಬಂದು ನಿಂತರೆ ವಾಲ್ವ್ ಸೀಲ್, ಏರಿನಲ್ಲಿ ಎಳೆಯುವಾಗಲೂ ಬರುತ್ತಿದ್ದರೆ ರಿಂಗ್. ಡ್ರೇನ್ ನಟ್ ಸುತ್ತ ಸೋರುತ್ತಿದೆಯಾ, ಅದನ್ನೂ ಒರೆಸಿ ನೋಡಿ. ಇದಕ್ಕೆ ಯಾವ ದುಬಾರಿ ಆಯಿಲೂ ಮದ್ದಲ್ಲ.

ಘಟ್ಟದ_ಸವಾರ

ಪ್ಲಾಂಟಿನವರು ಬರೆದದ್ದು ಓದಿ ನನ್ನ ಮಾತನ್ನು ಸ್ವಲ್ಪ ಬದಲಿಸುತ್ತೇನೆ. ಸ್ಪ್ಲೆಂಡರ್‌ಗೆ ಫುಲ್ಲಿ ಸಿಂಥೆಟಿಕ್ ಬೇಕೇ ಬೇಕು ಎಂದದ್ದು ಜಾಸ್ತಿಯಾಯಿತು. ಅದು ನನ್ನ 350 ಸಿಸಿ ಗಾಡಿಯ ಅನುಭವ. ಒಂದು ಮಾತು ಮಾತ್ರ ಹಾಗೇ ಇಡುತ್ತೇನೆ. ಆಯಿಲ್ ಬದಲಿಸಿದ ಮೇಲೆ ಖಾಲಿ ಬಾಟಲಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ನಿಮ್ಮ ಕಣ್ಣೆದುರೇ ಚಾಕುವಿನಿಂದ ಕೊಯ್ಯಿಸಿ. ನಕಲಿ ತುಂಬುವವರಿಗೆ ಬೇಕಾದದ್ದೇ ಚೆಂದದ ಖಾಲಿ ಬಾಟಲಿ.

ಕಾರು_ಹೊನ್ನಾವರ

ಬೈಕಿನ ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದನ್ನು ಓದಿ ಯಾರಾದರೂ ಹೊಸ ಡೀಸೆಲ್ ಕಾರಿಗೂ ಬೋಟಿನವರು ಹೇಳಿದ ಸಿಎಫ್-4 ಹಾಕಿಬಿಟ್ಟಾರು ಎಂಬ ಭಯಕ್ಕೆ ಬರೆಯುತ್ತಿದ್ದೇನೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆಯ ಹೊಸ ನಿಯಮ) ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಾಮೂಲಿ ಆಯಿಲ್ ಸುಟ್ಟಾಗ ಉಳಿಯುವ ಬೂದಿ ಅದರಲ್ಲಿ ಕೂತುಬಿಡುತ್ತದೆ, ಮಸಿಯ ಹಾಗೆ ಸುಟ್ಟು ಹೋಗುವುದಿಲ್ಲ. ಅವಕ್ಕೆ ಕಡಿಮೆ ಬೂದಿಯ ಆಯಿಲ್ ಬೇಕು, ಬಾಟಲಿ ಮೇಲೆ ಎಸಿಇಎ (ಯುರೋಪಿನವರ ದರ್ಜೆ) ಸಿ2, ಸಿ3 ಎಂದು ಇರುತ್ತದೆ, ನಿಮ್ಮ ಪುಸ್ತಕದಲ್ಲಿ ಯಾವುದಿದೆ ನೋಡಿ ಅದನ್ನೇ ಹಾಕಿ. ಗೊತ್ತಿಲ್ಲದ ಒಂದು ಕಡೆ ನಮ್ಮ ಕಾರಿಗೆ ಯಾವುದೋ ಸಿಐ-4 (ಇದೂ ಎಪಿಐನ ಡೀಸೆಲ್ ದರ್ಜೆ, ಬೂದಿ ಜಾಸ್ತಿ) ಆಯಿಲ್ ಹಾಕಿದ್ದರು. ಡಿಪಿಎಫ್ ದೀಪ ಹತ್ತಿದ್ದು ಆರಲೇ ಇಲ್ಲ, ಕೊನೆಗೆ ಹುಬ್ಬಳ್ಳಿಗೆ ಒಯ್ದು ತೆಗೆಸಬೇಕಾಯಿತು.

ಪ್ಲಾಂಟ್‌ನಿಂದ_ಅಂಕೋಲಾಕ್ಕೆ

ಹೊನ್ನಾವರದವರು ಹೇಳಿದ್ದು ಸರಿ, ಅದನ್ನು ನಾನೇ ಬರೆಯಬೇಕಿತ್ತು.

ಶಿರಸಿಯವರೆ, ನಿಮ್ಮ ಕಡೆ ಮಳೆಗಾಲದಲ್ಲಿ ಡಿಪ್‌ಸ್ಟಿಕ್ ಮುಚ್ಚಳದ ಒಳಗೆ ಬಿಳಿ ಮಜ್ಜಿಗೆಯ ಹಾಗೆ ಕಂಡರೆ ಆಯಿಲ್ ನಕಲಿ ಎಂದು ಹೆದರಬೇಡಿ. ಹತ್ತಿರದ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆಯಿಲ್ ಜೊತೆ ಸೇರಿ ಹಾಗಾಗುತ್ತದೆ. ಒಂದು ಸಲ ಕುಮಟಾಕ್ಕೆ ಹೋಗಿ ಬಂದರೆ ಆರಿಹೋಗುತ್ತದೆ. ಒಳಗಿನ ಆಯಿಲೆಲ್ಲಾ ಹಾಗೇ ಬೆಳ್ಳಗಾಗಿದ್ದರೆ ಮಾತ್ರ ನೀರು ಹೊಕ್ಕಿದೆ ಎಂದು ಅರ್ಥ. ಹೊಸ ಆಯಿಲ್ 500 ಕಿಲೋಮೀಟರಿಗೇ ಕಪ್ಪಾದರೂ ಹೆದರಬೇಡಿ. ಹಳೇ ಕೊಳೆ ತೊಳೆಯುತ್ತಿದೆ ಎಂದೇ ತಿಳಿಯಿರಿ, 81 ಸಾವಿರದ ಇಂಜಿನ್‌ನಲ್ಲಿ ಕೊಳೆ ಇರುತ್ತದೆ.

ತೋಟದಮನೆ_ಶಿರಸಿ

ಬಿಳಿ ಮಜ್ಜಿಗೆ ಹೋದ ಮಳೆಗಾಲದಲ್ಲಿ ಕಂಡಿತ್ತು, ಆಗ ಅವಸರದಲ್ಲಿ ಆಯಿಲೇ ಬದಲಿಸಿಬಿಟ್ಟಿದ್ದೆ.

ಇವತ್ತು ಸಂಜೆ ಆಯಿಲ್ ಬದಲಿಸಿಯಾಯಿತು. ತಿರುಗುವ ಫಿಲ್ಟರ್ ಬಿಚ್ಚಿಸಿದೆ, ಒಳಗೆ ಬೆರಳ ದಪ್ಪ ಕಪ್ಪು ಗ್ರೀಸ್ ಇತ್ತು, ಎಷ್ಟೋ ವರ್ಷದಿಂದ ಯಾರೂ ತೆಗೆದಿಲ್ಲ ಎಂದು ಕಾಣುತ್ತದೆ. ಬಾಟಲಿ ಕೊಯ್ಯಿಸಿ ತಂದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಬಂದು ನಿಲ್ಲುತ್ತದೆ, ಏರಿನಲ್ಲಿ ಇಲ್ಲ. ಅಂದರೆ ವಾಲ್ವ್ ಸೀಲ್ ಇರಬೇಕು. ಕೊನೆಕೊಯ್ಲು ಶುರುವಾಗುವ ಮೊದಲೇ ಮಾಡಿಸುತ್ತೇನೆ. ಕುಮಟಾದವರೆ, ಮುಂದಿನ ಸಲ ಅಲ್ಲಿಗೆ ಬಂದಾಗ ಗಾಡಿ ನಿಮಗೇ ತೋರಿಸಬಹುದಾ?

ಕುಮಟಾ_ಗ್ಯಾರೇಜ್

ಬನ್ನಿ. ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ. ಬೆಳಿಗ್ಗೆ ತಂದು ಬಿಟ್ಟರೆ ಸಂಜೆಗೆ ಕೊಡುತ್ತೇನೆ, ಇಂಜಿನ್ ತಣ್ಣಗಾಗಲು ಹೊತ್ತು ಬೇಕು. ಅಲ್ಲಿಯವರೆಗೆ ಒಂದು ಕಾಲು ಲೀಟರ್ ಅದೇ 10ಡಬ್ಲ್ಯು-30 ಗಾಡಿಯಲ್ಲೇ ಇಟ್ಟುಕೊಳ್ಳಿ, ಘಟ್ಟ ಇಳಿಯುವ ದಿನ ಬೆಳಿಗ್ಗೆ ಮಟ್ಟ ನೋಡಿಯೇ ಹೊರಡಿ.